ಮಂಡಕ್ಕಿ ಕಾಟಾದ ಮೇಲೆ ಮಾವ

ನಮಸ್ಕಾರ. ಇದು ದಾವಣಗೆರೆ, ಇದು ನಮ್ಮನೆ ತಾರಸಿ, ಇದು ವಿಮಾನ. ನಗಬೇಡಿ. ಮುಂದೆ ಎರಡು ಕುರ್ಚಿ, ಹಿಂದೆ ಎರಡು ಕುರ್ಚಿ, ಸೆಸ್ನಾ 172 ಅನ್ನೋ ಪುಟ್ಟ ವಿಮಾನದ ಒಳಗೂ ಹೆಚ್ಚುಕಡಿಮೆ ಇಷ್ಟೇ ಜಾಗ. ಬರೋ ಭಾನುವಾರ ಬೆಂಗಳೂರಿನ ಜಕ್ಕೂರು ಏರ್‌ಡ್ರೋಮಿನಿಂದ ಅಪ್ಪ, ಮಾವ, ಅತ್ತೆ ಮೂವರನ್ನೂ ಕೂರಿಸಿಕೊಂಡು ಹಾರಬೇಕು. ಪೈಲಟ್ ನಾನೇ. ಹತ್ತೋ ಮುಂಚೆ ಎಲ್ಲರಿಗೂ ಸೇಫ್ಟಿ ಬ್ರೀಫಿಂಗ್ ಕೊಡಬೇಕು. ಅಲ್ಲಿ ವಿಮಾನದ ಪಕ್ಕ ನಿಂತು ಹೇಳಿದರೆ ಇವರು ಸೆಲ್ಫಿಯಲ್ಲಿ ಮುಳುಗಿರ್ತಾರೆ, ನನಗೆ ಗೊತ್ತು. ಅದಕ್ಕೇ ಇಲ್ಲಿ ರಿಹರ್ಸಲ್.

ಅಂದಹಾಗೆ ನನ್ನ ಹತ್ತಿರ ಇರೋದು ಪ್ರೈವೇಟ್ ಪೈಲಟ್ ಲೈಸೆನ್ಸ್. ಮನೆಯವರನ್ನು ಕೂರಿಸಿಕೊಳ್ಳಬಹುದು, ಬಾಡಿಗೆ ಅಂತ ದುಡ್ಡು ತಗೊಳ್ಳೋ ಹಾಗಿಲ್ಲ. ಈ ರೂಲ್ ಕೇಳಿ ಮಾವನ ಮುಖ ಅರಳಿದ್ದು ನೋಡಬೇಕಿತ್ತು.

ಸರಿ, ಬ್ರೀಫಿಂಗ್‌ಗಿಂತ ಮೊದಲು ತೂಕ. ಸಣ್ಣ ವಿಮಾನದಲ್ಲಿ ಇದೇ ದೊಡ್ಡ ತಲೆನೋವು. ಈ ಮಾಡೆಲ್ಲು, 172ಎಸ್, ಎಲ್ಲ ಸೇರಿ 1,157 ಕೆಜಿ ದಾಟೋ ಹಾಗಿಲ್ಲ. ಟ್ಯಾಂಕ್ ತುಂಬಿಸಿದರೆ ಸುಮಾರು 200 ಲೀಟರ್ ಪೆಟ್ರೋಲು, ಅದೇ 144 ಕೆಜಿ. ನಾನು ಹಾರಿಸೋ ವಿಮಾನದ ಖಾಲಿ ತೂಕವನ್ನೂ ಕಳೆದರೆ ಜನಕ್ಕೆ, ಬ್ಯಾಗಿಗೆ ಅಂತ ಉಳಿಯೋದು 256 ಕೆಜಿ. ಫೋನಲ್ಲಿ ಕೇಳಿದಾಗ ಅಪ್ಪ 66 ಅಂದರು, ಅತ್ತೆ 58, ಮಾವ 76. ನಾನು 55. ಒಟ್ಟು 255. ಎಷ್ಟು ಚೆನ್ನಾಗಿ ಕೂತಿದೆ ಅಲ್ವಾ? ಇಷ್ಟು ಚೆನ್ನಾಗಿ ಕೂತಾಗಲೇ ನನಗೆ ಡೌಟ್ ಬಂತು.

ಆನ್‌ಲೈನಲ್ಲಿ 649 ರೂಪಾಯಿ ಕೊಟ್ಟು ತರಿಸಿದ ತೂಕದ ಮಷೀನು ಇದು. ನೋಡಿ, ಮಾವ ಹತ್ತಿದರು, 83. ಇಳಿದು ಹತ್ತಿದರು, 88. ಗೋಡೆ ಪಕ್ಕ ಸರಿಸಿ ಹತ್ತಿಸಿದೆ, 79. "ಇದು ಸರಿ ಐತಿ ನೋಡವ್ವಾ, ಇದನ್ನೇ ಬರ್ಕೋ" ಅಂದರು. ವಾಪಸ್ ಕಳಿಸೋಣ ಅಂದರೆ ಟೈಮ್ ಮುಗಿದಿದೆಯಂತೆ, ಡಬ್ಬಾನೂ ಬೇಕಂತೆ, ಡಬ್ಬಾದಲ್ಲಿ ಅಮ್ಮ ಆಗಲೇ ಹುಣಸೆಹಣ್ಣು ತುಂಬಿಟ್ಟಿದ್ದಾರೆ. 649 ರೂಪಾಯಿ! ಎಷ್ಟು ಪ್ಲೇಟ್ ಬೆಣ್ಣೆದೋಸೆ ಆಗ್ತಿತ್ತು. ಹೋಗಲಿ ಬಿಡಿ. ಇಲ್ಲ, ಹೋಗಲಿ ಬಿಡಿ ಅಂತ ಅನ್ನೋಕೂ ಮನಸ್ಸಿಲ್ಲ.

ಹಾಗಾಗಿ ಈ ಶಾಟು. ಇದು ಅಪ್ಪನ ಗೆಳೆಯರ ಮಂಡಕ್ಕಿ ಭಟ್ಟಿ. ಆ ಸೌಂಡ್ ಕೇಳಿ, ಬಿಸಿ ಮರಳಲ್ಲಿ ಅಕ್ಕಿ ಅರಳ್ತಿದೆ. ದಾವಣಗೆರೆಗೆ ಬಂದು ಮಂಡಕ್ಕಿ, ಮೆಣಸಿನಕಾಯಿ ತಿನ್ನದೆ ಹೋದವರನ್ನು ಕಂಡರೆ ನನಗೆ ಕನಿಕರ. ಹಾಂ, ತೂಕ. ಈ ಕಾಟಾ ಸುಳ್ಳು ಹೇಳಲ್ಲ, ವ್ಯಾಪಾರದ್ದು. ನಮ್ಮ ಮುಂದೇನೇ ಒಂದು ಚೀಲ ಇಟ್ಟರು, ಮಾವನಿಗಿಂತ ಅಗಲ, ತೂಕ ನೋಡಿದರೆ ಏನೂ ಇಲ್ಲ. ಆಮೇಲೆ ಮಾವ ಹತ್ತಿದರು. 91. ಭಟ್ಟಿಯವರು ಒಂದು ಮಾತಾಡಲಿಲ್ಲ, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಮಾವ ಚಪ್ಪಲಿ ಬಿಟ್ಟರು, ಫೋನ್ ಕೊಟ್ಟರು, ಪರ್ಸ್ ಕೊಟ್ಟರು, 90 ಚಿಲ್ಲರೆ. ನಾನು 91 ಅಂತಲೇ ಬರ್ಕೊಂಡೆ, ಚಪ್ಪಲಿ ಬಿಟ್ಟು ಹತ್ತೋಕೆ ಅದೇನು ದೇವಸ್ಥಾನವಾ? ಅಪ್ಪ 69, ಅತ್ತೆ 63. ಒಟ್ಟು 278. ಬರೋಬ್ಬರಿ 22 ಕೆಜಿ ಜಾಸ್ತಿ.

ಪರಿಹಾರ ಸುಲಭ ಅನ್ನಿ. ನಮ್ಮದು ಮುಕ್ಕಾಲು ಗಂಟೆ ಸುತ್ತು, ಈ ಇಂಜಿನ್ನು ಗಂಟೆಗೆ ಕುಡಿಯೋದು ಸುಮಾರು 35 ಲೀಟರ್. 60 ಲೀಟರ್ ಕಡಿಮೆ ಹಾಕಿಸಿದರೆ 43 ಕೆಜಿ ಇಳಿಯುತ್ತೆ, ಉಳಿದಿದ್ದೂ ಬೇಕಾದಷ್ಟಾಯ್ತು. ಬೆಂಗಳೂರು ಮೊದಲೇ ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಬಿಸಿಲೇರಿದ ಹಾಗೆ ಗಾಳಿ ಇನ್ನೂ ತೆಳುವಾಗುತ್ತೆ, ವಿಮಾನ ಏಳೋಕೆ ಒದ್ದಾಡುತ್ತೆ. ಅದಕ್ಕೇ ಬೆಳಗ್ಗೇನೇ ಹಾರೋದು. ಆದರೆ ತೂಕ ಎಲ್ಲಿ ಕೂರುತ್ತೆ ಅನ್ನೋದೂ ಮುಖ್ಯ, ಹಿಂದೆ ಜಾಸ್ತಿ ಆದರೆ ಬಾಲ ಭಾರ. ಅಂದರೆ ಮಾವ ಮುಂದೆ, ನನ್ನ ಪಕ್ಕ. ಮುಂದಿನ ಸೀಟಿನ ಎದುರಿಗೆ ಏನಿದೆ? ಇನ್ನೊಂದು ಸ್ಟೀರಿಂಗು. ಕಾಲ ಹತ್ತಿರ ಪೆಡಲ್ಲು. ನಮ್ಮ ಮಾವ ಬೇರೆಯವರ ಟಿವಿ ರಿಮೋಟನ್ನೇ ಬಿಡೋರಲ್ಲ.

ವಾಪಸ್ ತಾರಸಿಗೆ. ಸ್ಟೀರಿಂಗ್ ಬದಲು ಸ್ಟೀಲ್ ತಟ್ಟೆ ಕಟ್ಟಿದ್ದೀನಿ. ಕೂತ ಎರಡೇ ಸೆಕೆಂಡಿಗೆ ಕೈ ಎಲ್ಲಿಗೆ ಹೋಯ್ತು ನೋಡಿ. "ಮಾವ, ಕೈ ತೊಡೆ ಮೇಲೆ, ಕಾಲು ಹಿಂದಕ್ಕೆ." "ಸುಮ್ನೆ ಹಿಡ್ಕೊಂಡೆ ಅಷ್ಟೆ ಕಣವ್ವಾ." ಆ ಸುಮ್ನೆ ಹಿಡ್ಕೊಳ್ಳೋದೇ ಬೇಡ, ಎರಡೂ ಒಂದಕ್ಕೊಂದು ಜೋಡಿಸಿರುತ್ತೆ, ನೀವು ಎಳೆದರೆ ನನ್ನದೂ ಬರುತ್ತೆ.

ಈಗ ಬರೋದು ನಾನು ಪ್ಲಾನ್ ಮಾಡಿದ್ದಲ್ಲ. ಮಾವನಿಗೆ ಕೊಟ್ಟಿದ್ದು ಅಪ್ಪನ ಆಫೀಸ್ ಕುರ್ಚಿ, ಚಕ್ರದ್ದು. ತಟ್ಟೆ ಬಿಟ್ಟು ಹಿಂದಕ್ಕೆ ಒರಗಿದರು ನೋಡಿ, ಸೀದಾ ಜಾರಿ ಅತ್ತೆ ಮೊಣಕಾಲಿಗೆ. ಅತ್ತೆ ಬೈದದ್ದನ್ನು ಕಟ್ ಮಾಡಿದ್ದೀನಿ. ಆದರೆ ಇದಕ್ಕಿಂತ ಒಳ್ಳೆ ಡೆಮೊ ಸಿಗಲ್ಲ! ಸೆಸ್ನಾ ಮುಂದಿನ ಸೀಟು ಹಳಿ ಮೇಲೆ ಜಾರುತ್ತೆ, ಲಾಕ್ ಸರಿಯಾಗಿ ಕೂರದಿದ್ದರೆ ಟೇಕಾಫ್‌ನಲ್ಲಿ ಮೂತಿ ಎದ್ದಾಗ ಹಿಂದಕ್ಕೆ ಹೋಗುತ್ತೆ. ಜಾರೋರು ಗಾಬರಿಯಲ್ಲಿ ಹಿಡಿಯೋದು ಏನನ್ನ? ಸ್ಟೀರಿಂಗನ್ನ. ಅದನ್ನ ಎಳೆದರೆ ಮೂತಿ ಇನ್ನೂ ಮೇಲೆ. ಪೈಲಟ್ ಸೀಟಿಗೇ ಹೀಗಾಗಿ ವಿಮಾನ ಬಿದ್ದಿದ್ದೂ ಇದೆ. ಅದಕ್ಕೇ ಕೂತ ಮೇಲೆ ಮುಂದೆ ಹಿಂದೆ ಅಲ್ಲಾಡಿಸಿ ನೋಡೋದು. ನಾನೂ ಪ್ರತಿ ಸಲ ನೋಡ್ತೀನಿ.

ಬೆಲ್ಟು ಬದಲು ದುಪಟ್ಟಾ, ಅದು ನಿಮಗೆ ಕಾಣ್ತಿದೆ. ಹಾಕೋದಲ್ಲ, ಕಣ್ಣು ಮುಚ್ಚಿ ಬಿಚ್ಚೋದನ್ನ ಕಲಿಯಬೇಕು. ಬಾಗಿಲು ಎರಡೇ, ಎರಡೂ ಮುಂದಿನವರ ಪಕ್ಕ. ಮುಂದಿನವರು ಸೀಟು ಸರಿಸಿ ಇಳಿಯದೆ ಹಿಂದಿನವರು ಇಳಿಯೋದು ಕಷ್ಟ. ಎಲ್ಲಾದರೂ ಹೊಲದಲ್ಲಿ ಇಳಿಸಬೇಕಾಗಿ ಬಂದರೆ ನಾನು ಹೇಳಿದಾಗ ಬಾಗಿಲ ಚಿಲಕ ಮೊದಲೇ ತೆಗೆದಿಡಬೇಕು, ಯಾಕೆಂದರೆ ನೆಲಕ್ಕೆ ಬಡಿದು ಚೌಕಟ್ಟು ಸೊಟ್ಟಗಾದರೆ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತೆ. ಅತ್ತೆ ಇಲ್ಲಿ ಸ್ವಲ್ಪ ಬಿಳಿಚಿಕೊಂಡರು. ಇದನ್ನ ಇನ್ನೂ ನಯವಾಗಿ ಹೇಳಬಹುದಿತ್ತೇನೋ. ಇಲ್ಲ, ಹೀಗೇ ಹೇಳಬೇಕು.

ಮಾವನ ಪ್ರಶ್ನೆ: ಆಕ್ಸಿಜನ್ನಿನ ಹಳದಿ ಮಾಸ್ಕ್ ಎಲ್ಲಿ ಬೀಳುತ್ತೆ? ಬೀಳಲ್ಲ ಮಾವ, ಅದು ತುಂಬ ಎತ್ತರಕ್ಕೆ ಹೋಗೋ ದೊಡ್ಡ ವಿಮಾನಕ್ಕೆ. ನಮ್ಮದು ಕೆಳಗೇ ಹಾರೋದು, ಹೊರಗಿನ ಗಾಳಿನೇ ಸಾಕು. ಬೆಂಕಿ ಆರಿಸೋ ಸಿಲಿಂಡರ್ ಮಾತ್ರ ಮುಂದಿನ ಸೀಟುಗಳ ನಡುವೆ ಇರುತ್ತೆ, ಇಲ್ಲಿ ಆ ಪಾತ್ರದಲ್ಲಿ ಥರ್ಮಸ್ ಫ್ಲಾಸ್ಕ್.

ಟೇಕಾಫ್, ಲ್ಯಾಂಡಿಂಗ್ ಹೊತ್ತಲ್ಲಿ ಮಾತು ಬಂದ್. ಒಂದೇ ಒಂದು ವಿನಾಯಿತಿ, ಹದ್ದೋ ಬೇರೆ ವಿಮಾನವೋ ಕಂಡರೆ ಕೂಗಿ. ಯಾವ ಕಡೆ ಅನ್ನೋದನ್ನ ಗಡಿಯಾರದ ಲೆಕ್ಕದಲ್ಲಿ ಹೇಳಬೇಕು, ಮೂತಿ ಅಂದರೆ 12 ಗಂಟೆ, ಬಲಗಡೆ 3. "ಅತ್ತೆ, 2 ಗಂಟೆ ಕಡೆ ಏನಿದೆ?" ವಾಚ್ ನೋಡಿಕೊಂಡು "ಇನ್ನಾ 11 ಆಗೇತಿ" ಅಂದರು.

ಮತ್ತೆ ಪ್ರೊಪೆಲ್ಲರ್. ಅತ್ತೆಗೆ ಅದಕ್ಕೆ ಕುಂಕುಮ ಹಚ್ಚಬೇಕಂತೆ. ಖಂಡಿತಾ ಬೇಡ. ಈ ಇಂಜಿನ್ನಿನ ಕಿಡಿ ಮ್ಯಾಗ್ನೆಟೋದಿಂದ ಬರುತ್ತೆ, ಅಂದರೆ ತಿರುಗಿದಾಗ ತಾನೇ ಕರೆಂಟು ಹುಟ್ಟಿಸೋ ಭಾಗದಿಂದ, ಬ್ಯಾಟರಿ ಬೇಕಿಲ್ಲ. ಸ್ವಿಚ್ಚಿನ ವೈರು ಕೆಟ್ಟಿದ್ದರೆ, ನಿಂತಿರೋ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದರೂ ಇಂಜಿನ್ ಹತ್ತಿಕೊಳ್ಳಬಹುದು. ಯಾವಾಗಲೂ ರೆಕ್ಕೆ ಹಿಂದಿನಿಂದ ಬನ್ನಿ. ಕುಂಕುಮ ಬಾಲಕ್ಕೆ ಹಚ್ಚೋಣ್ವಾ ಅಂತ ಕೇಳಿದ್ದಾರೆ, ಅದನ್ನ ವಿಮಾನದವರನ್ನೇ ಕೇಳಬೇಕು.

ಕ್ಯಾಮೆರಾ ಬ್ಯಾಟರಿ ಕೆಂಪಾಗಿದೆ, ಬೇಗ ಹೇಳ್ತೀನಿ. ಹೊಟ್ಟೆ ತೊಳಸಿದರೆ ಮುಂಚೇನೇ ಹೇಳಿ, ಕವರ್ ಕೊಡ್ತೀನಿ. ತಿಂಡಿ ಲೈಟಾಗಿ. ಅತ್ತೆ ಬ್ಯಾಗ್ ತೂಗಿದೆ, ಮಂಡಕ್ಕಿ ಪಾಸು, ಐದು ತೆಂಗಿನಕಾಯಿ ಫೇಲು. ಮಾವ, ದುಪಟ್ಟಾ ಇನ್ನೊಂದ್ಸಲ ಬಿಚ್ಚಿ. ಕಣ್ಣು ಮುಚ್ಚಿ ಮಾವ, ಮುಚ್ಚಿ