ರೈಲು ಹಳಿ ಬೆಲ್ಜಿಯಂದು, ಊರು ಜರ್ಮನಿಯದು

ಕೇಳುಗರೇ, ನಮಸ್ಕಾರ. ಜರ್ಮನಿಯ ಪಶ್ಚಿಮ ಅಂಚಿನಲ್ಲಿ ಮೊನ್‌ಶಾವ್ ಅಂತ ಒಂದು ಜಿಲ್ಲೆ ಇತ್ತು. ಗಾತ್ರದಲ್ಲಿ ನಮ್ಮ ತಾಲ್ಲೂಕಿನಷ್ಟೇ. ನೆಪೋಲಿಯನ್ ಸೋತ ಮೇಲೆ ಈ ಸೀಮೆ ಪ್ರಷ್ಯಾ ರಾಜ್ಯಕ್ಕೆ ಸೇರಿತು. 1816ರಲ್ಲಿ ಜಿಲ್ಲೆ ಹುಟ್ಟಿತು. ಆಗಿನ ಹೆಸರು ಮಾಂಜ್ವಾ. ಫ್ರೆಂಚ್ ವಾಸನೆಯ ಆ ಹೆಸರನ್ನು 1918ರಲ್ಲಿ ಬದಲಾಯಿಸಿದರು. ಹಳೇ ಕಾಲದಲ್ಲಿ ಇಲ್ಲಿನ ಉಣ್ಣೆ ಬಟ್ಟೆಗೆ ಒಳ್ಳೆ ಹೆಸರಿತ್ತು. ಬಟ್ಟೆ ವ್ಯಾಪಾರಿಯೊಬ್ಬರು ಕಟ್ಟಿಸಿದ ಕೆಂಪು ಮನೆ ಈಗಲೂ ಪೇಟೆಯಲ್ಲಿ ನಿಂತಿದೆ.

ನಿಜವಾದ ತಮಾಷೆ ಶುರುವಾಗೋದು ಮೊದಲ ಮಹಾಯುದ್ಧದ ನಂತರ. ಪಕ್ಕದ ಯೂಪೆನ್, ಮಾಲ್ಮೆಡಿ ಪ್ರದೇಶಗಳು ಬೆಲ್ಜಿಯಂ ಪಾಲಾದವು. ಅವೆರಡನ್ನೂ ಜೋಡಿಸುವ ರೈಲು ಮಾರ್ಗ ಮಾತ್ರ ಮೊನ್‌ಶಾವ್ ಜಿಲ್ಲೆಯೊಳಗೆ ಹಾದು ಹೋಗುತ್ತಿತ್ತು. ಅದೂ ನಮಗೇ ಬೇಕು ಅಂದಿತು ಬೆಲ್ಜಿಯಂ. ಕೊನೆಗೆ ಹಳಿ, ನಿಲ್ದಾಣ, ಹಳಿಯ ಕೆಳಗಿನ ನೆಲ ಎಲ್ಲ ಬೆಲ್ಜಿಯಂದಾಯಿತು. ಎರಡೂ ಬದಿಯ ಊರುಗಳು ಜರ್ಮನಿಯಲ್ಲೇ ಉಳಿದವು. ಹಳಿಯ ಪಶ್ಚಿಮಕ್ಕಿದ್ದ ಮ್ಯೂಟ್ಸೆನಿಖ್‌ನಂಥ ಹಳ್ಳಿಗಳು ನಾಲ್ಕೂ ಕಡೆ ಬೆಲ್ಜಿಯಂ ನೆಲದ ನಡುವೆ ಸಿಕ್ಕಿಕೊಂಡವು. ಭೂಪಟದ ಮುಂದೆ ಕೂತು ಗೆರೆ ಎಳೆಯೋರಿಗೆ ಅಲ್ಲಿನ ದನ ಮೇಯಿಸೋರ ಕಷ್ಟ ಎಲ್ಲಿ ಗೊತ್ತಾಗುತ್ತೆ, ಅಲ್ವಾ?

ಎರಡನೇ ಮಹಾಯುದ್ಧ ಇಲ್ಲಿನ ಕಾಡು, ಊರುಗಳನ್ನು ಹಾಳು ಮಾಡಿತು. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಕಾಫಿಗೆ ವಿಪರೀತ ತೆರಿಗೆ. ಗಡಿಯಾಚೆ ಅದೇ ಕಾಫಿ ಅಗ್ಗ. ಕಿತ್ತು ತಿನ್ನುವ ಬಡತನ ಬೇರೆ. ಜನ ರಾತ್ರಿ ಹೊತ್ತು ಜೌಗು ನೆಲ ದಾಟಿ ಕಾಫಿ ಮೂಟೆ ಹೊತ್ತು ತಂದರು. ಕಳ್ಳಸಾಗಣೆಯ ವಾಹನಗಳು ರಸ್ತೆಗೆ ಮೊಳೆ ಎಸೆದು ಓಡುತ್ತಿದ್ದವು. ಅದಕ್ಕೆ ಸುಂಕದವರು ಪೋರ್ಷೆ ಕಾರಿನ ಮುಂದೆ ಪೊರಕೆ ಕಟ್ಟಿಕೊಂಡು ಬೆನ್ನಟ್ಟಿದರು! ನಗು ಬರುತ್ತೆ, ನಿಜ. ಆದರೆ ಗಡಿಯಲ್ಲಿ ಗುಂಡಿಗೆ ಸತ್ತವರೂ ಇದ್ದರು. ಶ್ಮಿಟ್ ಅನ್ನೋ ಹಳ್ಳಿಯಲ್ಲಿ ಯುದ್ಧದಲ್ಲಿ ಕುಸಿದ ಚರ್ಚನ್ನು ಮತ್ತೆ ಕಟ್ಟಲು ಈ ಕಾಫಿ ದುಡ್ಡೂ ಸೇರಿತು. ಆ ಚರ್ಚನ್ನು ಜನ 'ಸಂತ ಮೋಕಾ' ಅಂತಲೇ ಕರೀತಾರೆ; ಮೋಕಾ ಅಂದರೆ ಕಾಫಿ. 1953ರಲ್ಲಿ ಸರ್ಕಾರ ಕಾಫಿ ತೆರಿಗೆ ಇಳಿಸಿತು. ಪೊಲೀಸರಿಂದ ಆಗದ ಕೆಲಸ ಅದರಿಂದ ಆಯಿತು.

ಆಮೇಲೆ ಬಂದದ್ದು ಆಡಳಿತ ಸುಧಾರಣೆ. ಸಣ್ಣ ಜಿಲ್ಲೆ ಸಾಕೋದು ದುಬಾರಿ ಅನ್ನೋ ಲೆಕ್ಕ. 1972ರ ಜನವರಿ 1ರಂದು ಮೊನ್‌ಶಾವ್ ಜಿಲ್ಲೆ ಇಲ್ಲವಾಯಿತು. ಹೆಚ್ಚಿನ ಊರುಗಳು ಆಖೆನ್ ಜಿಲ್ಲೆಗೆ ಹೋದವು. ಶ್ಮಿಟ್ ಡ್ಯೂರೆನ್ ಜಿಲ್ಲೆಗೆ. ನುಂಗಿದ ಆಖೆನ್ ಜಿಲ್ಲೆಯೂ 2009ರಲ್ಲಿ ನಗರದೊಂದಿಗೆ ಸೇರಿ ಹೊಸ ಆಡಳಿತವಾಯಿತು.

ರೈಲು ನಿಂತಿದೆ. ಹಳಿ ಇದ್ದ ಜಾಗದಲ್ಲಿ ಈಗ ಸೈಕಲ್ ದಾರಿ. ಆ ನೆಲ ಇಂದಿಗೂ ಬೆಲ್ಜಿಯಂದೇ. 2012ರಲ್ಲಿ ನಿಯಮ ಸಡಿಲವಾದ ಮೇಲೆ ಜನ ಹಳೇ ಜಿಲ್ಲೆಯ 'ಎಂಒಎನ್' ನಂಬರ್ ಪ್ಲೇಟ್ ಮತ್ತೆ ಹಾಕಿಸಿಕೊಳ್ಳುತ್ತಿದ್ದಾರೆ.