ಡಾನ್ ನದಿಗೆ ಓಡಿಹೋದ ರೈತರು

ಎಲ್ಲರಿಗೂ ನಮಸ್ಕಾರ.

ರಷ್ಯನ್ನರಲ್ಲಿ ಒಂದು ಗಾದೆ ಇದೆ: ‘ತಗೋ ಅಜ್ಜಿ, ನಿನ್ನ ಯೂರಿ ಹಬ್ಬ!’ ನೆಚ್ಚಿಕೊಂಡಿದ್ದು ಕೈತಪ್ಪಿದಾಗ ಇವತ್ತಿಗೂ ಹೀಗೆ ಹೇಳುತ್ತಾರೆ. ಆ ಹಬ್ಬದಿಂದಲೇ ಶುರು ಮಾಡೋಣ.

1497ರ ಮಾಸ್ಕೋ ಕಾನೂನಿನಂತೆ, ರೈತ ಒಡೆಯನ ಜಮೀನು ಬಿಟ್ಟು ಹೋಗಲು ವರ್ಷಕ್ಕೆ ಎರಡೇ ವಾರ ಅವಕಾಶವಿತ್ತು. ನವೆಂಬರ್ 26ರ ಯೂರಿ ಹಬ್ಬದ ಹಿಂದೊಂದು ವಾರ, ಮುಂದೊಂದು ವಾರ. ಆಗ ಸುಗ್ಗಿ ಮುಗಿದಿರುತ್ತದೆ, ಅಲ್ವಾ? ಇದ್ದ ಮನೆಯ ಬಾಬ್ತು ಬಯಲುಸೀಮೆಯಲ್ಲಿ ಒಂದು ರೂಬಲ್, ಕಾಡುಸೀಮೆಯಲ್ಲಿ ಅರ್ಧ ರೂಬಲ್ ಎಣಿಸಿಕೊಟ್ಟು ಗಂಟುಮೂಟೆ ಕಟ್ಟಬಹುದಿತ್ತು. 1580ರ ದಶಕದಿಂದ ಅದಕ್ಕೂ ತಡೆ ಬಿತ್ತು. ಓಡಿಹೋದವನನ್ನು ಐದು ವರ್ಷದೊಳಗೆ ಹುಡುಕಿ ತರಬಹುದು ಎಂದು 1597ರಲ್ಲಿ ಆಜ್ಞೆಯಾಯಿತು. 1649ರಲ್ಲಿ ಗಡುವೇ ಹೋಯಿತು. ಎಷ್ಟು ವರ್ಷ ಕಳೆದಿದ್ದರೂ ಸಿಕ್ಕಿದರೆ ಹೆಂಡತಿ ಮಕ್ಕಳ ಸಮೇತ ವಾಪಸ್.

ಹಾಗಾಗಿ ಜನ ದಕ್ಷಿಣಕ್ಕೆ ಓಡಿದರು. ಡಾನ್ ನದಿಯ ಹುಲ್ಲುಗಾವಲಲ್ಲಿ ಕೊಸಾಕರಿದ್ದರು, ಅಂದರೆ ಒಡೆಯರಿಲ್ಲದೆ ಸ್ವತಂತ್ರವಾಗಿ ಬದುಕುತ್ತಿದ್ದ ಯೋಧರು. ‘ಡಾನ್‌ನಿಂದ ಯಾರನ್ನೂ ಹಿಂದಕ್ಕೆ ಒಪ್ಪಿಸುವುದಿಲ್ಲ’ ಎನ್ನುವುದು ಅವರ ಹಠ. ಮಾಸ್ಕೋ ಇದನ್ನು ಬಹಳ ಕಾಲ ಸಹಿಸಿಕೊಂಡಿತು. ಕ್ರೈಮಿಯದ ತಾತಾರರ ದಾಳಿ ತಡೆಯಲು ಅದಕ್ಕೆ ಕೊಸಾಕರು ಬೇಕಿದ್ದರು. ಅವರಿಗೆ ದವಸ, ಸಿಡಿಮದ್ದು, ಸೀಸ ಕಳಿಸುತ್ತಿತ್ತು. 1635ರಿಂದ ದಕ್ಷಿಣದ ಗಡಿ ಕಾಯಲು ಬೆಲ್ಗೊರೊದ್ ಕೋಟೆಸಾಲು ಕಟ್ಟುವಾಗ ಹೊಸ ಕೋಟೆಗಳಿಗೆ ಆಳು ಸಾಲದೆ, ಓಡಿಬಂದ ರೈತರನ್ನೂ ಸೈನಿಕರಾಗಿ ಸೇರಿಸಿಕೊಂಡರು. ಊರಲ್ಲಿ ಕಳ್ಳನಂತೆ ಹುಡುಕಲ್ಪಡುವವನು ಗಡಿಯಲ್ಲಿ ದೇಶದ ಕಾವಲುಗಾರ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಡಾನ್ ತಲುಪಿದವನ ಬದುಕೂ ಹೂವಿನ ಹಾಸಿಗೆಯಾಗಿರಲಿಲ್ಲ. 1690ರಲ್ಲಿ ಕೊಸಾಕರು ಒಂದು ಆಜ್ಞೆ ಹೊರಡಿಸಿದರು. ಡಾನ್ ಸೇರುವ ಖೋಪ್ಯೋರ್, ಮೆದ್ವೆದಿತ್ಸಾ ನದಿಗಳ ದಂಡೆಯಲ್ಲಿ ಯಾರೂ ಉಳಬಾರದು, ಬಿತ್ತಬಾರದು. ಉತ್ತವನನ್ನು ಹೊಡೆದು ಕೊಲ್ಲಬಹುದು, ಅವನ ಸ್ವತ್ತು ದೋಚಬಹುದು. ಹೊಲ ಬಂದರೆ ಹಿಂದೆಯೇ ಒಡೆಯನೂ ಬರುತ್ತಾನೆ ಎಂಬ ಭಯವೂ ಇದಕ್ಕೆ ಒಂದು ಕಾರಣ. ಸ್ವಲ್ಪ ಯೋಚಿಸಿ. ಹುಟ್ಟಿದಾಗಿನಿಂದ ನೇಗಿಲು ಹಿಡಿದ ಮನುಷ್ಯ. ಕಾಲಡಿಯಲ್ಲಿ ಒಳ್ಳೆಯ ಕಪ್ಪು ಮಣ್ಣು. ಒಂದು ಸಾಲು ಹೊಡೆದರೂ ಸಾವು. ಇನ್ನು ಮೀನು, ಬೇಟೆ, ಲೂಟಿಯೇ ಗತಿ. ಹೀಗೆ ಬಂದ ಬಡವರನ್ನು ‘ಗೊಲಿತ್ಬಾ’, ಅಂದರೆ ಏನೂ ಇಲ್ಲದವರು ಎಂದು ಕರೆದರು. ಮನೆಮಠ ಇದ್ದ ಹಳೆಯ ಕೊಸಾಕರು ಬೇರೆಯೇ ಆದರು. ಆ ಆಜ್ಞೆಗೂ ಮೊದಲೇ, 1670ರಲ್ಲಿ ಡಾನ್ ಕೊಸಾಕ ಸ್ತೆಂಕಾ ರಾಜಿನ್ ದಂಗೆ ಎದ್ದಾಗ ಹಿಂದೆ ಹೋದವರಲ್ಲಿ ಈ ಬಡವರೇ ಜಾಸ್ತಿ. ಮರುವರ್ಷ ಅವನನ್ನು ಹಿಡಿದು ಸರ್ಕಾರಕ್ಕೆ ಒಪ್ಪಿಸಿದವರು ಹಳೆಯ ಕೊಸಾಕರು.

1707ರಲ್ಲಿ ಪೀಟರ್ ದೊರೆ ಓಡಿಬಂದವರನ್ನು ಹಿಡಿಯಲು ಸರದಾರ ಯೂರಿ ದೊಲ್ಗೊರುಕೊವ್‌ನನ್ನು ಡಾನ್‌ಗೇ ಕಳಿಸಿದ. ಅಕ್ಟೋಬರ್‌ನ ಒಂದು ರಾತ್ರಿ ಕೊಸಾಕ್ ನಾಯಕ ಬುಲಾವಿನ್‌ನ ಕಡೆಯವರು ಅವನನ್ನು ಕೊಂದರು. ದಂಗೆ ಹಬ್ಬಿತು, ಮರುವರ್ಷವೇ ಬುಲಾವಿನ್ ಸತ್ತ. ಡಾನ್‌ನ ಹಳೆಯ ಹಠ ಅಲ್ಲಿಗೆ ಮುರಿಯಿತು.

ಆಮೇಲೆ ನೇಗಿಲೂ ಬಂತು. ಕೊಸಾಕ್ ಅಧಿಕಾರಿಗಳು ರೈತರನ್ನು ತಂದು ತಮ್ಮ ಹೊಲಗಳಲ್ಲಿ ದುಡಿಸಿಕೊಳ್ಳತೊಡಗಿದರು. ಆ ರೈತರು ಇದ್ದ ಜಾಗ ಬಿಟ್ಟು ಕದಲಬಾರದು ಎಂದು 1796ರ ಡಿಸೆಂಬರ್‌ನಲ್ಲಿ ಪಾವೆಲ್ ದೊರೆ ಆಜ್ಞೆ ಮಾಡಿದ.