ಪಾರಣೆಯಿಲ್ಲದ ಉಪವಾಸ: ಹದಿಹರೆಯದವರ ಊಟ ಯಾವಾಗ ಕಳವಳದ ವಿಷಯವಾಗುತ್ತದೆ

ಪೋಷಕರೇ, ಅಧ್ಯಾಪಕ ಮಿತ್ರರೇ,

ಹದಿಹರೆಯದ ಮಕ್ಕಳ ಊಟ ಹೇಗೂ ಏರುಪೇರಾಗಿಯೇ ಇರುತ್ತದೆ. ಒಂದು ತಿಂಗಳು ಎಷ್ಟು ಬಡಿಸಿದರೂ ಸಾಲದೆನ್ನುವ ಹುಡುಗ ಮುಂದಿನ ತಿಂಗಳು ತಟ್ಟೆಯ ಮುಂದೆ ಮುಖ ಸಿಂಡರಿಸಬಹುದು. ಕನ್ನಡಿಯ ಮುಂದೆ ಬಹಳ ಹೊತ್ತು ನಿಲ್ಲುವುದೂ ಆ ವಯಸ್ಸಿಗೆ ಸಹಜವೇ. ಇವೆಲ್ಲ ಕಾಯಿಲೆಯಲ್ಲ. ಆದರೆ ಈ ಸಹಜ ಏರುಪೇರಿನ ಮರೆಯಲ್ಲೇ ಮೊದಲಾಗಿ, ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಬೆಳೆಯುವ ತೊಂದರೆಯೊಂದಿದೆ; ಊಟ, ಮೈತೂಕಗಳ ಸುತ್ತಲೇ ಮನಸ್ಸು ಸಿಕ್ಕಿಕೊಳ್ಳುವ ಇದನ್ನು ವೈದ್ಯರು ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ, ಅದನ್ನು ವೈದ್ಯರಿಗಿಂತ ಮೊದಲು ಮನೆಯವರೇ ಗುರುತಿಸಬಲ್ಲರು ಎಂಬುದು ನಾನಿಂದು ಹೇಳಬೇಕೆಂದಿರುವ ಮಾತು.

ಇಂಥ ಮಕ್ಕಳು ಎಲುಬು ಕಾಣುವಷ್ಟು ಸೊರಗಿರುತ್ತಾರೆಂಬ ನಂಬಿಕೆ ಬಲವಾಗಿದೆ, ಅದರಿಂದಾಗಿಯೇ ಎಷ್ಟೋ ಮಕ್ಕಳು ಆಸ್ಪತ್ರೆಗೆ ತಡವಾಗಿ ಬರುತ್ತಾರೆ. ದಪ್ಪಗಿದ್ದ ಮಗು ಕೆಲವೇ ತಿಂಗಳಲ್ಲಿ ತೀರ ಇಳಿದುಹೋದಾಗ, ನೋಡುವವರಿಗೆ ಅದು ಈಗ ಎಲ್ಲರಂತೆ ಕಂಡರೂ, ಅದರ ನಾಡಿಬಡಿತ ಅಪಾಯ ಅನ್ನಿಸುವಷ್ಟು ನಿಧಾನವಾಗಿರಬಹುದು. ಮದುವೆಮನೆಯಲ್ಲಿ ನೆಂಟರು "ಎಷ್ಟು ಸಣ್ಣಗಾಗಿದ್ದೀಯೇ, ಈಗ ಲಕ್ಷಣವಾಗಿ ಕಾಣ್ತೀಯ" ಎಂದು ಹೊಗಳುತ್ತಿರುವ ದಿನಗಳಲ್ಲೇ ಆ ಹುಡುಗಿಯ ಮುಟ್ಟು ನಿಂತಿರಬಹುದು. ಆದ್ದರಿಂದ ತೂಕಕ್ಕಿಂತ ಮೊದಲು ನಡವಳಿಕೆಯನ್ನು ನೋಡಬೇಕು.

ಊಟದ ಸುತ್ತ ನಿಯಮಗಳು ಒಂದೊಂದಾಗಿ ಹೆಚ್ಚುತ್ತ ಹೋಗುವುದು ಸಾಮಾನ್ಯವಾಗಿ ಮೊದಲ ಸೂಚನೆ. ಸಿಹಿ ಬಿಟ್ಟಾಯಿತು, ಆಮೇಲೆ ಎಣ್ಣೆ, ಆಮೇಲೆ ಅನ್ನ. ಕೊನೆಗೆ ತಾನೇ ಅಳೆದು ಮಾಡಿಕೊಂಡದ್ದನ್ನು ಬಿಟ್ಟು ಬೇರೆ ಯಾವುದೂ ಗಂಟಲಲ್ಲಿ ಇಳಿಯುವುದಿಲ್ಲ. "ಕ್ಯಾಂಟೀನಿನಲ್ಲೇ ತಿಂದೆ", "ಗ್ಯಾಸ್ಟ್ರಿಕ್ ಆಗಿದೆ", "ಓದೋದಿದೆ, ಆಮೇಲೆ ತಿಂತೀನಿ" ಎಂಬ ಮಾತುಗಳು ದಿನನಿತ್ಯದವಾಗುತ್ತವೆ. ನಮ್ಮ ಮನೆಗಳಲ್ಲಿ ವ್ರತವೂ ಇದಕ್ಕೊಂದು ಮರೆಯಾಗಬಲ್ಲದು. ಏಕಾದಶಿಯ ಉಪವಾಸಕ್ಕೆ ದ್ವಾದಶಿಯ ಪಾರಣೆಯಿದೆ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ಹೊತ್ತಿದೆ. ನಾನು ಹೇಳುತ್ತಿರುವ ಉಪವಾಸಕ್ಕೆ ಪಾರಣೆಯೇ ಇಲ್ಲ. ನಿಯಮ ಮುರಿದಾಗ ಏನಾಗುತ್ತದೆ ಎಂಬುದನ್ನು ಗಮನಿಸಿ. ಹುಟ್ಟುಹಬ್ಬದ ಒಂದು ತುಂಡು ಕೇಕ್ ತಿಂದುದಕ್ಕಾಗಿ ಸಂಜೆಯೆಲ್ಲ ಅಳು, ತಾರಸಿಯ ಮೇಲೆ ನಡುರಾತ್ರಿಯ ನಡಿಗೆ, ಮರುದಿನ ಪೂರ್ತಿ ಊಟವಿಲ್ಲ ಎಂದಾದರೆ ಅದು ಆರೋಗ್ಯದ ಕಾಳಜಿಯಾಗಿ ಉಳಿದಿಲ್ಲ, ಭಯವಾಗಿದೆ.

ಆ ಭಯವನ್ನು ಮಗು ಬಾಯಿಬಿಟ್ಟು ಹೇಳಬೇಕೆಂದೇನೂ ಇಲ್ಲ. ಭಾರತದ ಮತ್ತು ಹಾಂಗ್‌ಕಾಂಗಿನ ವೈದ್ಯರು ದಾಖಲಿಸಿದ ಪ್ರಕರಣಗಳಲ್ಲಿ ಹಲವರು ದಪ್ಪಗಾಗುವ ಮಾತೇ ಎತ್ತದೆ, ಹೊಟ್ಟೆಯುಬ್ಬರ, ಹಸಿವಿಲ್ಲ ಎಂದಷ್ಟೇ ಹೇಳಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪರಿಷ್ಕರಿಸಿದ ಕೈಪಿಡಿಯಲ್ಲಿ ಅನೊರೆಕ್ಸಿಯಾವನ್ನು, ಅಂದರೆ ಹೀಗೆ ಊಟ ಬಿಡುತ್ತ ತೂಕ ಕಳೆದುಕೊಳ್ಳುವ ಕಾಯಿಲೆಯನ್ನು, ಗುರುತಿಸಲು ಮುಟ್ಟು ನಿಂತಿರಲೇಬೇಕೆಂಬ ಷರತ್ತನ್ನು ಕೈಬಿಡಲಾಯಿತು. ದಪ್ಪಗಾಗುವ ಭಯವನ್ನು ಹೇಳಿಕೊಳ್ಳದಿದ್ದರೂ, ತೂಕ ಏರದಂತೆ ತಡೆಯುವ ನಡವಳಿಕೆ ಬಿಡದೆ ನಡೆದಿದ್ದರೆ ಸಾಕೆಂದಾಯಿತು.

ಇನ್ನೊಂದು ಲಕ್ಷಣ ಮನೆಯವರನ್ನು ತುಂಬ ಗೊಂದಲಕ್ಕೀಡುಮಾಡುತ್ತದೆ. ತಾನು ತಿನ್ನದ ಹುಡುಗಿ ದಿನವಿಡೀ ಅಡುಗೆಯ ವಿಡಿಯೋ ನೋಡುತ್ತಾಳೆ, ತಮ್ಮನಿಗೆ ಬಗೆಬಗೆಯ ತಿಂಡಿ ಮಾಡಿ ಒತ್ತಾಯದಿಂದ ತಿನ್ನಿಸುತ್ತಾಳೆ. ಇದನ್ನು ಅರ್ಥ ಮಾಡಿಕೊಳ್ಳಲು 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ ನೆರವಾಗುತ್ತದೆ. ದೇಹ, ಮನಸ್ಸು ಎರಡರಲ್ಲೂ ಗಟ್ಟಿಯಾಗಿದ್ದ 36 ಯುವಕರು ಸ್ವಇಚ್ಛೆಯಿಂದ ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಊಟ ಕಡಿಮೆಯಾದಂತೆ ಅವರ ಯೋಚನೆಯೆಲ್ಲ ಊಟದ ಸುತ್ತಲೇ ಸುತ್ತತೊಡಗಿತು. ಕೆಲವರು ಅಡುಗೆಪುಸ್ತಕಗಳನ್ನು ಸಂಗ್ರಹಿಸಿದರು, ಗೆಳೆಯರಿಂದ ದೂರವಾದರು, ಸಿಡುಕರಾದರು, ಖಿನ್ನರಾದರು. ಅವರಲ್ಲಿ ಯಾರಿಗೂ ಮೊದಲು ಇಂಥ ತೊಂದರೆ ಇರಲಿಲ್ಲ. ನಿಮ್ಮ ಮಗಳ ಹಟ, ಸಿಟ್ಟು, ಮೌನಗಳಲ್ಲಿ ದೊಡ್ಡ ಪಾಲು ಹಸಿವಿನದೇ ಎಂಬುದನ್ನು ಈ ಪ್ರಯೋಗದಿಂದ ತಿಳಿಯಬಹುದು. ಹಸಿದ ಮಿದುಳಿನೊಡನೆ ವಾದ ಮಾಡಿ ಗೆಲ್ಲಲಾಗುವುದಿಲ್ಲವಾದ್ದರಿಂದಲೇ ಚಿಕಿತ್ಸೆ ಊಟದಿಂದ ಆರಂಭವಾಗುತ್ತದೆ.

ಒಮ್ಮೆಲೇ ವಿಪರೀತ ತಿಂದು, ಆಮೇಲೆ ವಾಂತಿ ಮುಂತಾದವುಗಳಿಂದ ಅದನ್ನು ಕಳೆಯಲು ನೋಡುವ ಬುಲಿಮಿಯಾ ಎಂಬ ಇನ್ನೊಂದು ಬಗೆಯಲ್ಲಿ ತೂಕ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಅಲ್ಲಿ ಕಾಣುವುದು ಹಾಸಿಗೆಯಡಿ ಬಚ್ಚಿಟ್ಟ ಬೇಕರಿ ಪೊಟ್ಟಣಗಳು, ಉಂಡ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಡುವುದು, ಊದಿದ ಕೆನ್ನೆ, ಸವೆದ ಹಲ್ಲು. ಪದೇಪದೇ ವಾಂತಿಯಾದಾಗ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಲಯವೇ ತಪ್ಪಬಹುದು. ಹುಡುಗರಲ್ಲಿ ಊಟದ ತೊಂದರೆ ಹಲವು ವೇಳೆ ಜಿಮ್ಮಿನ ವೇಷದಲ್ಲಿ ಬರುತ್ತದೆ: ಜ್ವರವಿದ್ದರೂ ತಪ್ಪದ ಕಸರತ್ತು, ಊಟದ ಬದಲು ಪ್ರೋಟೀನ್ ಪುಡಿ, ತೋಳು ಎಷ್ಟು ದಪ್ಪಗಾದರೂ ಸಾಲದೆಂಬ ಅತೃಪ್ತಿ. ಹುಡುಗನೆಂಬ ಕಾರಣಕ್ಕೆ ಇದನ್ನು ಶಿಸ್ತೆಂದು ಕೊಂಡಾಡುವುದು ತಪ್ಪು.

ಚಿತ್ರಗಳ ಪ್ರಭಾವವನ್ನು ಹಗುರವಾಗಿ ಕಾಣಬೇಡಿ. ತುಂಬಿಕೊಂಡ ಮೈಯನ್ನೇ ಚೆಲುವೆಂದು ಬಗೆಯುತ್ತಿದ್ದ ಫಿಜಿಯ ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟೆಲಿವಿಷನ್ ಬಂತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇವೆಂದು ಆಗ ಒಬ್ಬ ಶಾಲಾಬಾಲಕಿಯೂ ಹೇಳಿರಲಿಲ್ಲ; 1998ರಲ್ಲಿ ಆನ್ ಬೆಕರ್ ಅವರ ತಂಡ ಮತ್ತೆ ಕೇಳಿದಾಗ ಹಾಗೆಂದವರು ಶೇಕಡ 11.3. ಅಲ್ಲಿದ್ದುದು ಟಿವಿ ಮಾತ್ರ. ನಮ್ಮ ಮಕ್ಕಳ ಕೈಯಲ್ಲಿರುವ ಫೋನು ರಾತ್ರಿ ಹಾಸಿಗೆಯವರೆಗೂ ಜೊತೆಗಿರುತ್ತದೆ.

ಸಂಶಯ ಬಂದಾಗ ಊಟಕ್ಕೆ ಕೂತ ಹೊತ್ತಿನಲ್ಲಿ, ಎಲ್ಲರೆದುರು ಕೇಳಬೇಡಿ. ಮೈಯ ಬಗ್ಗೆ ಮಾತೆತ್ತದೆ, ಕಂಡದ್ದನ್ನಷ್ಟೇ ಹೇಳಿ: "ಈಚೆಗೆ ನಮ್ಮ ಜೊತೆ ಊಟಕ್ಕೆ ಕೂರ್ತಿಲ್ಲ, ಮೊನ್ನೆ ತಲೆ ಸುತ್ತಿತು ಅಂದೆಯಲ್ಲ, ನನಗೆ ಗಾಬರಿಯಾಗಿದೆ ಮಗಳೇ." ಮೊದಲ ಸಲ ಸಿಟ್ಟೇ ಉತ್ತರವಾಗಿ ಬರಬಹುದು, ಕೆಲವು ದಿನ ಬಿಟ್ಟು ಮತ್ತೆ ಕೇಳಿ. ಇದು ತಂದೆತಾಯಿಯ ತಪ್ಪಿನಿಂದ ಬರುವ ಕಾಯಿಲೆಯಲ್ಲ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಚಿಕಿತ್ಸಾಕ್ರಮವಂತೂ ಮಗುವಿನ ಪ್ರತಿ ಹೊತ್ತಿನ ಊಟದ ಹೊಣೆಯನ್ನು ಆರಂಭದಲ್ಲಿ ತಂದೆತಾಯಿಗೇ ಒಪ್ಪಿಸುತ್ತದೆ. ಆದರೆ ಬಹುಕಾಲ ಹಸಿದಿದ್ದ ಮಗುವಿಗೆ ಪ್ರೀತಿಯಿಂದಲೇ ಆದರೂ ಒಮ್ಮೆಲೇ ಹೊಟ್ಟೆತುಂಬ ಉಣ್ಣಿಸುವುದು ಅಪಾಯ. ರಕ್ತದಲ್ಲಿ ಫಾಸ್ಫೇಟ್ ಇಳಿದು ಪ್ರಾಣಕ್ಕೇ ಕುತ್ತಾಗಬಹುದಾದ್ದರಿಂದ ವೈದ್ಯರ ಸಲಹೆಯಂತೆ ಊಟ ಹೆಚ್ಚಿಸಬೇಕು.

ಮಗು ಎಚ್ಚರ ತಪ್ಪಿ ಬಿದ್ದರೆ, ಎದೆ ನೋವೆಂದರೆ, ನೀರನ್ನೂ ಬಿಟ್ಟರೆ, ಸಾಯುವ ಮಾತಾಡಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದಂತೆ ಮೊದಲು ಮಕ್ಕಳ ವೈದ್ಯರಲ್ಲಿಗೆ ಹೋಗಿ, ಮಲಗಿದ್ದಾಗ ಮತ್ತು ಎದ್ದು ನಿಂತಾಗಿನ ನಾಡಿ, ರಕ್ತದೊತ್ತಡ, ಜೊತೆಗೆ ಪೊಟ್ಯಾಸಿಯಂ, ಇಸಿಜಿ ನೋಡಲು ಕೇಳಿ. ರಕ್ತಪರೀಕ್ಷೆ ಸರಿಯಿದೆ ಎಂದಮಾತ್ರಕ್ಕೆ ನಿಶ್ಚಿಂತರಾಗದೆ ಮನೋವೈದ್ಯರನ್ನೂ ಕಾಣಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ, ಹಗಲುರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ವೈದ್ಯರಲ್ಲಿಗೆ ಹೋಗುವಾಗ ಒಂದು ಚೀಟಿಯಲ್ಲಿ ಕೊನೆಯ ಮುಟ್ಟಿನ ದಿನಾಂಕ, ಕಳೆದ ವರ್ಷದ ತೂಕ, ಈ ವಾರ ಮಗು ನಿಜವಾಗಿ ಏನೇನು ತಿಂದಿತು ಎಂಬುದನ್ನು ಬರೆದುಕೊಂಡು ಹೋಗಿ.